ಮೂರು ಕಾಲಿನ ಮಣಿನವಿಲು

ಬೈಲಹೊಂಗಲದ ನಮ್ಮ ಓಣಿಯಲ್ಲಿ ಎಪ್ಪತ್ತರ ದಶಕದ ಮೊದಲ ನಾಲ್ಕೈದು ವರ್ಷಗಳಲ್ಲಿ ಮದುವೆಯಾದ ಹುಡುಗಿಯರೆಲ್ಲ ಒಂದೇ ನವಿಲಿನ ದಯೆಯಿಂದ ಮದುವೆಯಾದರು. ಗಂಡಂದಿರು ಬೇರೆ ಬೇರೆ, ನವಿಲು ಮಾತ್ರ ಒಂದೇ. ಆ ನವಿಲನ್ನು ಮಾಡಿದವಳು ನಾನು. ಬಣ್ಣ ಬಣ್ಣದ ಗಾಜಿನ ಮಣಿಗಳನ್ನು ಸೂಜಿ ದಾರದಲ್ಲಿ ಪೋಣಿಸಿ, ಸಾಲಿಗೆ ಸಾಲು ಹೆಣೆದು, ಕಪ್ಪು ಬಟ್ಟೆಯ ಮೇಲೆ ಕೂರಿಸಿ, ಗಾಜಿನ ಕಟ್ಟು ಹಾಕಿಸಿದ ನವಿಲು ಅದು. ಮಾಡಿದ ನನ್ನನ್ನು ಬಿಟ್ಟು ಉಳಿದವರಿಗೆಲ್ಲ ಅದು ವರ ಹುಡುಕಿಕೊಟ್ಟಿತು ಎಂಬುದೇ ನನ್ನ ಆಗಿನ ದೊಡ್ಡ ಸಿಟ್ಟು.

ಆ ಕಾಲದ ಪದ್ಧತಿ ಹೇಳಿಬಿಡುತ್ತೇನೆ. ಹೆಣ್ಣು ನೋಡಲು ಬೀಗರು ಬರುತ್ತಾರೆಂದರೆ ಪಡಸಾಲೆಯ ಗೋಡೆ ತುಂಬ ಹುಡುಗಿಯ ಕೈಗೆಲಸ ಕಾಣಬೇಕು. ರೇಡಿಯೋದ ಮೇಲೆ ಕ್ರೋಶಾದ ಹೊದಿಕೆ, ಬಾಗಿಲ ಮೇಲೆ ಕಸೂತಿಯ ಸುಸ್ವಾಗತ, ನಡುಗೋಡೆಯಲ್ಲಿ ಮಣಿಯ ನವಿಲು. ಬಂದವರು ಉಪ್ಪಿಟ್ಟು ತಿನ್ನುತ್ತ ಗೋಡೆ ನೋಡಿ, ಇದನ್ನೆಲ್ಲ ಹುಡುಗಿಯೇ ಮಾಡಿದಳೇ ಎಂದು ಕೇಳಬೇಕು. ಹುಡುಗಿಯ ತಾಯಿ, ಹೌದು, ಅವಳಿಗೆ ಸುಮ್ಮನೆ ಕೂರಲು ಬರುವುದಿಲ್ಲ ಎನ್ನಬೇಕು. ಈ ಎರಡು ಮಾತು ಮಂತ್ರದ ಹಾಗೆ ಎಲ್ಲ ಮನೆಗಳಲ್ಲೂ ಅಕ್ಷರ ತಪ್ಪದೆ ನಡೆಯುತ್ತಿದ್ದವು.

ನಿಜ ಹೇಳಬೇಕೆಂದರೆ ನಮ್ಮ ಓಣಿಯ ಹನ್ನೊಂದು ಹುಡುಗಿಯರಲ್ಲಿ ಕ್ರೋಶಾ ಬರುತ್ತಿದ್ದುದು ಒಬ್ಬಳಿಗೆ, ಕಸೂತಿ ಇನ್ನೊಬ್ಬಳಿಗೆ, ಮಣಿ ಕೆಲಸ ನನಗೆ. ಉಳಿದ ಎಂಟು ಮಂದಿಗೆ ಸುಮ್ಮನೆ ಕೂರಲು ಬಹಳ ಚೆನ್ನಾಗಿ ಬರುತ್ತಿತ್ತು. ಹಾಗಾಗಿ ಸಾಮಾನು ಮನೆಯಿಂದ ಮನೆಗೆ ತಿರುಗುತ್ತಿತ್ತು. ಓಣಿಯ ತಾಯಂದಿರು ಈ ವ್ಯವಹಾರವನ್ನು ಬಸ್ಸಿನವರಿಗಿಂತ ಅಚ್ಚುಕಟ್ಟಾಗಿ ನಡೆಸುತ್ತಿದ್ದರು. ಬೆಳಿಗ್ಗೆ ಒಯ್ದದ್ದು ಸಂಜೆ ದೀಪ ಹಚ್ಚುವುದರೊಳಗೆ ವಾಪಸು. ಎಲ್ಲರ ಪಡಸಾಲೆಯಲ್ಲೂ ಒಂದೇ ಎತ್ತರದಲ್ಲಿ ಒಂದು ಮೊಳೆ ಇತ್ತು, ನವಿಲಿಗೆಂದೇ ಹೊಡೆದದ್ದು. ನನಗೆ ಸಿಗುತ್ತಿದ್ದುದು ಬೀಗರು ಬಿಟ್ಟುಹೋದ ಉಪ್ಪಿಟ್ಟಿನ ಒಂದು ತಟ್ಟೆ.

ಒಂದು ಸಲ ಎದುರುಮನೆಗೆ ನವಿಲು ಹೋಗಿತ್ತು. ಕೈಗೆ ಆಸರೆಯಾಗಲೆಂದು ನಾನೂ ಅವರ ಅಡುಗೆಮನೆಯಲ್ಲಿದ್ದೆ. ನಮ್ಮ ಹುಡುಗಿ ಮೂರು ತಿಂಗಳು ಕಣ್ಣು ಬಿಟ್ಟುಕೊಂಡು ಪೋಣಿಸಿದ್ದಾಳೆ ಎಂದು ಆ ಹುಡುಗಿಯ ತಾಯಿ ಹೊರಗೆ ಹೇಳುವುದು ಕೇಳಿಸಿತು. ಆ ಹುಡುಗಿಗೆ ಸೂಜಿಗೆ ದಾರ ಹಾಕಲು ಬರುತ್ತಿರಲಿಲ್ಲ, ಅವಳ ಲಂಗದ ಗುಂಡಿಯನ್ನು ಕೂಡ ನಾನೇ ಹಚ್ಚಿಕೊಟ್ಟಿದ್ದೆ. ನನಗೆ ಮೈಯೆಲ್ಲ ಉರಿದುಹೋಯಿತು. ಒಗ್ಗರಣೆಗೆ ಹಾಕಬೇಕಾದ ಹಸಿಮೆಣಸಿನಕಾಯಿ ಎರಡು ಪಟ್ಟು ಹಾಕಿದೆ. ಬೀಗರು ಕಣ್ಣಲ್ಲಿ ನೀರು ಸುರಿಸುತ್ತ ತಿಂದು ಹುಡುಗಿಯನ್ನು ಒಪ್ಪಿಕೊಂಡು ಹೋದರು.

ಇನ್ನು ನನ್ನ ಅಪ್ಪ. ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಕಾರಕೂನ. ಎಂದೋ ಒಮ್ಮೆ ಧಾರವಾಡಕ್ಕೆ ಸಂಗೀತ ಕೇಳಲು ಹೋಗಿ, ಕಂಬದ ಹಿಂದೆ ಜಾಗ ಸಿಕ್ಕಿ, ಇಡೀ ರಾತ್ರಿ ತಬಲಾ ಒಂದನ್ನೇ ಕೇಳಿ ಬಂದಿದ್ದ. ಅಂದಿನಿಂದ ಕಲೆಯ ವಿಷಯದಲ್ಲಿ ಅವನ ಮಾತೇ ಕೊನೆಯ ಮಾತು. ಭಾರತೀಯ ಕಲೆಗಳೆಲ್ಲ ಒಂದೇ ಮರದ ಕೊಂಬೆಗಳು, ಶಿಲ್ಪವೆಂದರೆ ನಿಂತ ನೃತ್ಯ, ನೃತ್ಯವೆಂದರೆ ನಡೆದಾಡುವ ಶಿಲ್ಪ ಎಂದು ರವಿವಾರ ಹೊರಸಿನ ಮೇಲೆ ಕೂತು ಗಂಟೆಗಟ್ಟಲೆ ಹೇಳುತ್ತಿದ್ದ. ಹಾಗಾದರೆ ನೀವು ಕುಂತ ಶಿಲ್ಪ ಎಂದು ಅವ್ವ ಅಡುಗೆಮನೆಯಿಂದಲೇ ಹೇಳುತ್ತಿದ್ದಳು. ರೊಟ್ಟಿ ಬಡಿಯುವುದು ಯಾವ ಕಲೆಯಲ್ಲಿ ಬರುತ್ತದೆ ಎಂದು ಅವಳು ಒಮ್ಮೆ ಕೇಳಿದ್ದಕ್ಕೆ ಅಪ್ಪ ಸ್ವಲ್ಪ ಯೋಚಿಸಿ, ಚರ್ಮವಾದ್ಯದಲ್ಲಿ ಎಂದ. ಅಂದು ಅವನಿಗೆ ಸೀದ ರೊಟ್ಟಿ ಸಿಕ್ಕಿತು.

ನವಿಲಿನ ಮೂಲ ನಮ್ಮ ಆಯಿಯದು. ನಾವು ಅಜ್ಜಿಗೆ ಆಯಿ ಎನ್ನುತ್ತೇವೆ, ಅಪ್ಪನ ತಾಯಿ. ಅವಳು ಮುರಗೋಡದಿಂದ ಮದುವೆಯಾಗಿ ಬರುವಾಗ ಬಾಗಿಲುದ್ದದ ಮಣಿತೋರಣ ತಂದಿದ್ದಳಂತೆ. ನಾನು ಕಣ್ಣು ಬಿಡುವ ಹೊತ್ತಿಗೆ ಅದರ ದಾರ ಕೊಳೆತು, ಇಲಿ ಕಡಿದು, ಮಣಿಯೆಲ್ಲ ಉದುರಿ ಕಸದ ಜೊತೆ ಹೋಗಿತ್ತು. ಆಯಿ ತೀರಿಕೊಂಡ ಮೇಲೆ ಅವಳ ಟ್ರಂಕಿನಲ್ಲಿ ಗೇಣುದ್ದದ ಒಂದು ತುಂಡು ಸಿಕ್ಕಿತು, ಅದರಲ್ಲಿ ಒಂದು ನವಿಲು. ಆಗ ನನಗೆ ಹದಿನಾಲ್ಕು. ಬಿಳಿ ಬಟ್ಟೆಯ ಮೇಲೆ ಅದನ್ನು ಹರವಿ, ಒಂದೊಂದೇ ಮಣಿ ಎಣಿಸಿ, ಚೌಕಳಿ ಹಾಳೆಯ ಮೇಲೆ ಗುರುತು ಹಾಕಿಕೊಂಡು, ಹಾಗೆಯೇ ಹೊಸದೊಂದನ್ನು ಹೆಣೆದೆ. ಯಾರೂ ಹೇಳಿಕೊಡಲಿಲ್ಲ, ತಪ್ಪಿದರೆ ಬಿಚ್ಚುವುದು, ಮತ್ತೆ ಪೋಣಿಸುವುದು. ಎಂಟು ತಿಂಗಳು ಹಿಡಿಯಿತು.

ಆಯಿಯ ನವಿಲಿಗೆ ಮೂರು ಕಾಲಿದ್ದವು. ಎರಡು ಹೊಟ್ಟೆಯ ಕೆಳಗೆ, ಮೂರನೆಯದು ಸ್ವಲ್ಪ ಆಚೆ, ಬಾಲದ ಕಡೆಗೆ. ನಾನೇನು ನವಿಲು ಕಾಣದವಳಲ್ಲ. ಸವದತ್ತಿಯ ಕಡೆ ನಮ್ಮ ಸೋದರತ್ತೆಯ ಹೊಲದಲ್ಲಿ ಕಡಲೆ ಬಿತ್ತಿದಾಗೆಲ್ಲ ಹಿಂಡಾಗಿ ಬರುತ್ತಿದ್ದವು, ಎಲ್ಲವಕ್ಕೂ ಎರಡೆರಡೇ ಕಾಲು. ಆದರೂ ಆಯಿ ಮೂರು ಹಾಕಿದ್ದಾಳಲ್ಲ, ಏನೋ ಕಾರಣ ಇದ್ದೀತು ಎಂದು ನಾನೂ ಮೂರು ಹಾಕಿದೆ. ಅಪ್ಪನನ್ನು ಕೇಳಿದರೆ, ನವಿಲು ಕುಣಿಯುವಾಗ ಒಂದು ಕಾಲು ಎತ್ತಿ ಇಡುತ್ತದೆ, ಎತ್ತಿದ್ದನ್ನೂ ಇಟ್ಟದ್ದನ್ನೂ ಆಯಿ ಒಟ್ಟಿಗೆ ತೋರಿಸಿದ್ದಾಳೆ, ನಮ್ಮ ಕಲೆಯ ಹೆಚ್ಚುಗಾರಿಕೆಯೇ ಅದು ಎಂದ. ಇಷ್ಟು ಮನೆಗಳ ಗೋಡೆ ಏರಿ ಇಳಿದರೂ ಆ ನವಿಲಿನ ಕಾಲನ್ನು ಯಾರಾದರೂ ಎಣಿಸಿದ್ದು ನನ್ನ ಕಿವಿಗೆ ಬಿದ್ದಿರಲಿಲ್ಲ. ಬಂದವರೆಲ್ಲ ಹುಡುಗಿಯ ನಡಿಗೆ ನೋಡುತ್ತಿದ್ದರು.

ನನಗೆ ಇಪ್ಪತ್ತು ತುಂಬಿದ ವರ್ಷ ಅಪ್ಪ ರಾಮದುರ್ಗಕ್ಕೆ ಒಂದು ಕಾಗದ ಬರೆದ. ಅಲ್ಲಿನ ಹೈಸ್ಕೂಲಿನಲ್ಲಿ ಒಬ್ಬ ಡ್ರಾಯಿಂಗ್ ಮಾಸ್ತರನಿಗೆ ಹೆಣ್ಣು ಹುಡುಕುತ್ತಿದ್ದಾರೆಂಬ ಸುದ್ದಿ ಯರಗಟ್ಟಿಯ ಬಸ್ ಸ್ಟ್ಯಾಂಡಿನಲ್ಲಿ ಅವನ ಕಿವಿಗೆ ಬಿದ್ದಿತ್ತು. ಅದನ್ನು ಕೇಳಿ ನನಗೂ ಆಸೆ ಹುಟ್ಟಿತು. ನನಗೆ ಗಂಡಿನ ಹೊಲ ಮನೆ ಬೇಕಿರಲಿಲ್ಲ. ಚಿತ್ರ ತಿಳಿದ ಮನುಷ್ಯ ಒಬ್ಬ ಆ ನವಿಲನ್ನು ನೋಡಬೇಕು, ಇದು ನಿನ್ನ ಕೈಯದು ಎಂದು ನನಗೆ ಒಂದು ಸಲ ಹೇಳಬೇಕು. ಮದುವೆ ಆಮೇಲಿನ ಮಾತು. ಆ ಒಂದು ಮಾತಿಗಾಗಿ ನಾನು ಎಷ್ಟು ಹಪಹಪಿಸುತ್ತಿದ್ದೆನೆಂದರೆ ಕಾಗದ ಹೋದ ಮಾರನೆಯ ದಿನದಿಂದಲೇ ಟಪಾಲಿನವನ ದಾರಿ ಕಾದೆ.

ಅಪ್ಪ ಜಿನ್ನಿನ ರೂಢಿಯಂತೆ ಆ ಕಾಗದಕ್ಕೂ ಕಾರ್ಬನ್ ಪ್ರತಿ ತೆಗೆದಿಟ್ಟಿದ್ದ. ಟಪಾಲಿಗೆ ಹೋದ ಮೇಲೆ ನಾನು ಅದನ್ನು ತೆಗೆದು ಓದಿದೆ. ನಮ್ಮ ಕನ್ಯೆಯು ಸಂಗೀತ, ನೃತ್ಯ, ನಾಟಕ, ಶಿಲ್ಪ, ವಾಸ್ತುಶಿಲ್ಪ, ಚಿತ್ರ ಎಂಬ ಆರೂ ಪ್ರಧಾನ ಕಲೆಗಳಲ್ಲಿ ಪರಿಶ್ರಮವುಳ್ಳವಳು ಎಂದು ಬರೆದಿದ್ದ. ನಾನು ಜಗಳ ತೆಗೆದೆ. ಅಪ್ಪ ಒಂದಿಷ್ಟೂ ಅಳುಕಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಪ್ರತಿ ವರ್ಷ ಮಣ್ಣಿನ ಎತ್ತು ಮಾಡುತ್ತೀಯಲ್ಲ, ಅದು ಶಿಲ್ಪವಲ್ಲದೆ ಮತ್ತೇನು ಎಂದ. ಸಾಲೆಯಲ್ಲಿ ಝಂಡಾ ಏರಿಸುವ ದಿನ ಝಣಝಣ ಸದ್ದಿನ ಲೇಝಿಮು ಹಿಡಿದು ಕುಣಿದದ್ದು ನೃತ್ಯ.

ನಾಟಕ ಯಾವಾಗ ಮಾಡಿದೆ ಎಂದು ಕೇಳಿದ್ದಕ್ಕೆ ಅಪ್ಪ ಸಾಲೆಯ ಕೋಟೆಯನ್ನು ನೆನಪಿಸಿದ. ಆರನೆಯ ಇಯತ್ತೆಯಲ್ಲಿ ಕಿತ್ತೂರಿನ ಯುದ್ಧದ ನಾಟಕದಲ್ಲಿ ನಾನು ಕಿತ್ತೂರಿನ ಕೋಟೆಯಾಗಿದ್ದೆ. ರಟ್ಟಿನ ಕೋಟೆಯನ್ನು ಎದೆಗೆ ಹಿಡಿದು ಅರ್ಧ ತಾಸು ಅಲ್ಲಾಡದೆ ನಿಂತು, ತೋಪಿನ ಸದ್ದಿಗೆ ಬೀಳುವುದು ನನ್ನ ಪಾತ್ರ. ಮೂಗು ತುರಿಸಿ ಸೀನು ಬಂದು ನಾನು ಮೊದಲೇ ಬಿದ್ದುಬಿಟ್ಟೆ. ವೈರಿಗಳು ಇನ್ನೂ ಪರದೆಯ ಹಿಂದೆ ಮೀಸೆ ಅಂಟಿಸಿಕೊಳ್ಳುತ್ತಿದ್ದರು, ಯುದ್ಧ ಶುರುವಾಗುವ ಮೊದಲೇ ಮುಗಿಯಿತು. ಅಪ್ಪನ ಪ್ರಕಾರ ಅದೇ ನಾಟಕ. ಆ ರಟ್ಟನ್ನು ಕತ್ತರಿಸಿ ಬುರುಜು ಅಂಟಿಸಿದವಳೂ ನಾನೇ ಆದ್ದರಿಂದ ಅದೇ ವಾಸ್ತುಶಿಲ್ಪ. ಒಂದೇ ಕೋಟೆಯನ್ನು ಅವನು ಎರಡು ಕಲೆಗೆ ಬಳಸಿಕೊಂಡಿದ್ದ.

ರಾಮದುರ್ಗದವರು ಬರುವ ದಿನ ಗೊತ್ತಾಯಿತು. ಅವರು ಅದಾಗಲೇ ನಮ್ಮ ಎದುರುಮನೆಯ ಎರಡನೆಯ ಹುಡುಗಿಯನ್ನು, ಹಿಂದಿನ ಓಣಿಯ ಒಬ್ಬಳನ್ನು, ಸವದತ್ತಿಯಲ್ಲಿ ನಮ್ಮ ಸೋದರತ್ತೆಯ ಮಗಳನ್ನು ನೋಡಿ ಬಂದಿದ್ದರು. ಒಂದು ಕಡೆ ಬೆಡಗು, ಅಂದರೆ ಗೋತ್ರ, ಕೂಡಲಿಲ್ಲ, ಇನ್ನೆರಡು ಕಡೆ ಏನೋ ಕಾರಣ. ಇದು ನಮಗೆ ಗೊತ್ತೇ ಇರಲಿಲ್ಲ. ಒಪ್ಪದೆ ಹೋದ ಗಂಡು ಯಾವ ಊರಿನವನು, ಯಾರ ಪೈಕಿ ಎಂದು ಯಾವ ತಾಯಿಯೂ ಬಾಯಿ ಬಿಡುವುದಿಲ್ಲ, ಹೆಣ್ಣಿಗೆ ಕೆಟ್ಟ ಹೆಸರು ಬರುತ್ತದೆಂದು. ಕೇಳಲೂಬಾರದು. ನವಿಲು ಒಯ್ಯುವಾಗ ಬೀಗರು ಬರುತ್ತಾರೆ ಎಂದಷ್ಟೇ ಹೇಳುತ್ತಿದ್ದರು, ವಾಪಸು ಕೊಡುವಾಗ ಹೋದರು ಎಂದಷ್ಟೇ. ಸವದತ್ತಿಗೆ ಅದು ಅಪ್ಪನ ಧೋತರದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಹೋಗಿ ಬಂದಿತ್ತು. ಗಾಜಿನ ಒಂದು ಮೂಲೆ ಬಿರುಕು ಬಿಟ್ಟಿತ್ತು.

ಮೂವರು ಬಂದರು. ಡ್ರಾಯಿಂಗ್ ಮಾಸ್ತರ, ಅವನ ತಾಯಿ, ಅವನ ಕಾಕಾ. ತಾಯಿ ಎತ್ತರದ ಆಳು, ದಪ್ಪ ಗಾಜಿನ ಚಷ್ಮಾ, ಇಲಕಲ್ಲು ಸೀರೆಯ ಸೆರಗನ್ನು ಬಿಗಿಯಾಗಿ ಹೊದ್ದು ನೇರ ಕುರ್ಚಿಯ ಮೇಲೆ ಕೂತರು. ಕಾಕಾ ಬಂದ ಕೂಡಲೇ ಉಪ್ಪಿಟ್ಟಿನ ಕಡೆ ಮುಖ ಮಾಡಿದರು. ನಾನು ಚಾಪೆಯ ಮೇಲೆ ತಲೆ ತಗ್ಗಿಸಿ ಕೂತೆ. ಹುಡುಗಿಯಾದವಳಿಗೆ ಆ ಹೊತ್ತಿನಲ್ಲಿ ಕಾಣಬೇಕಾದದ್ದು ಬೀಗರ ಪಾದ ಅಷ್ಟೇ. ಮಾಸ್ತರನ ಎಡಗಾಲಿನ ಹೆಬ್ಬೆರಳಿಗೆ ನೀಲಿ ಬಣ್ಣ ಮೆತ್ತಿತ್ತು.

ಅಪ್ಪ ಕಾರ್ಬನ್ ಪ್ರತಿಯನ್ನು ಕಿಸೆಯಿಂದ ತೆಗೆದು ಒಂದೊಂದಾಗಿ ಶುರು ಮಾಡಿದ. ಮೊದಲು ಸಂಗೀತ. ಹಾರ್ಮೋನಿಯಂ ಪೇಟಿ ಅವನೇ ಬಾರಿಸಿದ. ಅದರ ಒಂದು ಪಟ್ಟಿ ಒತ್ತಿದರೆ ಮೇಲೆ ಏಳುತ್ತಿರಲಿಲ್ಲ. ನಾನು ಭೂಪ ರಾಗದಲ್ಲಿ ಹಾಡುತ್ತಿದ್ದೆ, ಪೇಟಿ ತನ್ನ ಪಾಡಿಗೆ ಬೇರೆ ಯಾವುದೋ ರಾಗದಲ್ಲಿ ಒಂದೇ ಸ್ವರ ಹಿಡಿದು ಗೊಂಯ್ ಎನ್ನುತ್ತಿತ್ತು. ಅದರ ಸದ್ದು ಅಡಗಿಸಲು ನಾನು ಧ್ವನಿ ಏರಿಸಿದೆ, ನನ್ನ ಧ್ವನಿಗೆ ಸರಿಯಾಗಲೆಂದು ಅಪ್ಪ ಜೋರಾಗಿ ಗಾಳಿ ಹಾಕಿದ. ಹಿತ್ತಲಲ್ಲಿ ಕಟ್ಟಿದ್ದ ಎಮ್ಮೆಯೂ ಎರಡು ಸಲ ಕೂಗಿತು. ಹಾಡು ಮುಗಿದರೂ ಪೇಟಿ ಮುಗಿಯಲಿಲ್ಲ, ಅಪ್ಪ ಅದರ ಮೇಲೆ ಎರಡು ಗುದ್ದು ಹಾಕಬೇಕಾಯಿತು.

ನೃತ್ಯಕ್ಕೆಂದು ಅಪ್ಪ ಸಾಲೆಯಿಂದ ಲೇಝಿಮು ಕೇಳಿ ತಂದಿದ್ದ. ಪುಣ್ಯಕ್ಕೆ ಅವ್ವ ಅದನ್ನು ಬೆಳಿಗ್ಗೆಯೇ ಜೋಳದ ಚೀಲದ ಹಿಂದೆ ಬಚ್ಚಿಟ್ಟಿದ್ದಳು. ಎಲ್ಲಿ ಹುಡುಕಿದರೂ ಸಿಗದೆ, ನೃತ್ಯ ಇದೆ ಎಂದು ತಿಳಿದುಕೊಳ್ಳಬೇಕು ಎಂದು ಅಪ್ಪ ಬೀಗರಿಗೆ ವಿನಂತಿಸಿಕೊಂಡ. ನಾಟಕವನ್ನೂ ವಾಸ್ತುಶಿಲ್ಪವನ್ನೂ ಬಾಯಿಯಲ್ಲೇ ವಿವರಿಸಿದ. ಕೋಟೆ ಬಿದ್ದದ್ದನ್ನು ಹೇಳಲಿಲ್ಲ. ಶಿಲ್ಪಕ್ಕೆ ಹಿಂದಿನ ವರ್ಷದ ಮಣ್ಣೆತ್ತನ್ನು ತಟ್ಟೆಯಲ್ಲಿಟ್ಟು ತಂದ, ಅದಕ್ಕೆ ಒಂದು ಕೋಡು ಮುರಿದಿತ್ತು. ಉಪ್ಪಿಟ್ಟಿನ ತಟ್ಟೆಯೆಂದು ಕೈ ಚಾಚಿದ ಕಾಕಾ ಎತ್ತನ್ನು ಕಂಡು ಕೈ ಹಿಂದಕ್ಕೆ ಎಳೆದುಕೊಂಡರು.

ಕೊನೆಗೆ ಚಿತ್ರ. ಅಪ್ಪ ಗೋಡೆಯ ಕಡೆ ಕೈ ಮಾಡಿ ತೋರಿಸಿದ. ಮಾಸ್ತರನ ತಾಯಿ ಕುರ್ಚಿಯಿಂದ ಎದ್ದರು. ಗೋಡೆಯ ಹತ್ತಿರ ಹೋಗಿ, ಚಷ್ಮಾ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡು, ಬಿರುಕು ಬಿಟ್ಟ ಗಾಜಿನ ಮೂಲೆಯನ್ನು ಬೆರಳಿನಿಂದ ಮುಟ್ಟಿದರು. ಅವ್ವ ಪದ್ಧತಿಯಂತೆ, ಅವಳಿಗೆ ಸುಮ್ಮನೆ ಕೂರಲು ಬರುವುದಿಲ್ಲ ಎಂದಳು.

"ಈ ನವಲ ನಾ ನಾಕನೇ ಸಲ ನೋಡಾಕ ಹತ್ತೀನ್ರಿ," ಎಂದರು ಅವರು. "ಈ ಮಾತೂ ನಾಕನೇ ಸಲ ಕೇಳಾಕ ಹತ್ತೀನಿ."

ಕಾಕಾ ಅಗಿಯುತ್ತಲೇ ಇದ್ದರು. ಎದುರುಮನೆ, ಹಿಂದಿನ ಓಣಿ, ಸವದತ್ತಿ ಎಂದು ಅವರು ಎಣಿಸಿ ಹೇಳಿದರು. ಅವ್ವ ಸೆರಗು ಬಾಯಿಗೆ ಅಡ್ಡ ಹಿಡಿದಳು. ಅಪ್ಪ ಏನೋ ಭಾರತೀಯ ಪರಂಪರೆಯ ಮಾತು ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದ. ಆಮೇಲೆ ಆ ತಾಯಿ ನನ್ನ ಕಡೆ ತಿರುಗಿದರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಹೆಚ್ಚು ಚುಚ್ಚಿತು.

"ತಂಗಿ, ಮಂದಿ ಕೈಗೆಲಸ ತಂದ ತೂಗಹಾಕೂದು ಎಲ್ಲಾ ಮನ್ಯಾಗೂ ಇದ್ದದ್ದ. ಆದ್ರ ಇದನ್ನ ಮಾಡಿದಾಕಿ ಯಾರು, ಅದನ್ನರೆ ಖರೇ ಹೇಳು."

ನಾನೇ ಎಂದೆ. ಮೂರೂ ಮನೆಯ ಹುಡುಗಿಯರು ಇದೇ ಮಾತು ಹೇಳಿದರು ಎಂದು ಅವರು ನಿಟ್ಟುಸಿರು ಬಿಟ್ಟರು.

ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಎಂಟು ತಿಂಗಳು ಕಣ್ಣು ಕೆಡಿಸಿಕೊಂಡವಳು ನಾನು. ಓಣಿಯವರೆಲ್ಲ ನನ್ನದನ್ನು ತಮ್ಮದೆಂದು ಹೇಳಿ ನಂಬಿಸಿದರು, ನನ್ನದನ್ನು ನನ್ನದೆಂದರೆ ನಂಬುವವರಿಲ್ಲ. ತಗ್ಗಿಸಿದ ತಲೆ ತಾನಾಗಿಯೇ ಮೇಲೆದ್ದಿತು. ಸೂಜಿ ದಾರ ತರುತ್ತೇನೆ, ಕೂಡ್ರಿರಿ, ಇಲ್ಲೇ ಮಾಡಿ ತೋರಿಸುತ್ತೇನೆ ಎಂದೆ. ಹೆಣ್ಣು ನೋಡುವ ಕಾರ್ಯದಲ್ಲಿ ಹೆಣ್ಣು ಬೀಗರಿಗೆ ಕೂಡ್ರಿರಿ ಎಂದು ಗದರಿಸಿದ್ದು ಬೈಲಹೊಂಗಲದಲ್ಲಿ ಅದೇ ಮೊದಲಿರಬೇಕು. ಅವರು ಕೂತರು. ಇಡೀ ನವಿಲು ಬೇಡ, ಕಾಲಷ್ಟೇ ಪೋಣಿಸು, ನಮಗೆ ಯರಗಟ್ಟಿಯ ಬಸ್ಸು ಹಿಡಿಯಬೇಕು ಎಂದರು.

ಹೇಗೂ ನಾನು ಯಾವಾಗಲೂ ಕಾಲಿನಿಂದಲೇ ಶುರು ಮಾಡುವವಳು. ಮಣಿಯ ಡಬ್ಬಿ ತಂದು ತಟ್ಟೆಗೆ ಸುರಿದೆ. ಸುರಿದ ರಭಸಕ್ಕೆ ಒಂದಿಷ್ಟು ಕಿತ್ತಳೆ ಬಣ್ಣದ ಮಣಿ ಉರುಳಿ ಮಾಸ್ತರನ ಕುರ್ಚಿಯ ಕೆಳಗೆ ಹೋದವು. ಅವನು ಬಗ್ಗಿ ಒಂದೊಂದೇ ಹೆಕ್ಕಿ ತಟ್ಟೆಗೆ ಹಾಕಿದ. ಆಗಲೇ ನಾನು ಅವನ ಮುಖ ನೋಡಿದ್ದು. ಕಿವಿಯ ಹತ್ತಿರವೂ ಸ್ವಲ್ಪ ನೀಲಿ ಇತ್ತು. ಹೀಗೆ ಬಣ್ಣ ಮೆತ್ತಿಕೊಂಡು ಹೆಣ್ಣು ನೋಡಲು ಬರುವವನು ಎಷ್ಟರ ಡ್ರಾಯಿಂಗ್ ಮಾಸ್ತರನೋ ಎಂದು ಆ ಸಿಟ್ಟಿನಲ್ಲೂ ಅನ್ನಿಸಿತು.

ಅರ್ಧ ತಾಸು ನಾನು ಪೋಣಿಸಿದೆ. ಚಹಾ ಆರಿತು. ಕಾಕಾ ಎರಡನೆಯ ತಟ್ಟೆ ಮುಗಿಸಿ ಮೂರನೆಯದಕ್ಕೆ ಕೈ ಹಾಕಿದರು. ಚೌಕಳಿ ಹಾಳೆ ನನಗೆ ಬೇಕಾಗಲಿಲ್ಲ, ಬೆರಳಿಗೇ ಎಲ್ಲ ಗೊತ್ತಿತ್ತು. ಮೊಣಕಾಲು, ಪಾದ, ಉಗುರು. ಒಂದು ಮುಗಿಯಿತು, ಎರಡು ಮುಗಿಯಿತು. ಮಾಸ್ತರನ ತಾಯಿ ಮುಂದೆ ಬಾಗಿ ನೋಡುತ್ತಿದ್ದರು. ನಾನು ದಾರ ಕತ್ತರಿಸಲಿಲ್ಲ. ಎಂಟು ಮಣಿಯ ಜಾಗ ಬಿಟ್ಟು ಮೂರನೆಯ ಕಾಲು ಹಿಡಿದೆ. ಬಾಯಿ ಬಿಡಲು ಹೋದ ಅಪ್ಪನನ್ನು ಅವ್ವ ಚಿವುಟಿದಳು.

ಮೂರನೆಯ ಕಾಲಿನ ಕೊನೆಯ ಉಗುರು ಹಾಕಿ ಗಂಟು ಬಿಗಿದು ತಟ್ಟೆಯನ್ನು ಮುಂದೆ ತಳ್ಳಿದೆ. ಮಾಸ್ತರ ಅದನ್ನು ಎತ್ತಿಕೊಂಡು ಗೋಡೆಯ ಹತ್ತಿರ ಹೋಗಿ, ಗಾಜಿನ ಮೇಲೆ ಇಟ್ಟು, ಕಾಲಿಗೆ ಕಾಲು ಹೊಂದಿಸಿ ನೋಡಿದ. ಒಂದು ಮಣಿಯೂ ಹೆಚ್ಚು ಕಡಿಮೆ ಇರಲಿಲ್ಲ.

"ಅವ್ವಾ, ಈ ನವಲ ಇವರ ಕೈಯದು," ಎಂದ.

ಹಪಹಪಿಸಿದ್ದ ಮಾತು ಬಂತು. ನಾನು ಹಿಗ್ಗುವಷ್ಟರಲ್ಲಿ ಅವನು ತಿರುಗಿ, ನವಿಲಿಗೆ ಎರಡೇ ಕಾಲು ಎಂದು ನಿಮಗೆ ಗೊತ್ತಿಲ್ಲವೇ ಎಂದು ಕೇಳಿದ. ಆ ಮೂರು ಮನೆಗಳಲ್ಲೂ ಇದನ್ನೇ ಕೇಳಿದ್ದನಂತೆ. ಒಬ್ಬಳು ನಾಚಿಕೊಂಡು ಒಳಗೆ ಓಡಿದ್ದಳು, ಒಬ್ಬಳು ನಮ್ಮ ಕಡೆಯ ನವಿಲಿಗೆ ಮೂರೇ ಎಂದಿದ್ದಳು, ಸವದತ್ತಿಯವಳು ಅದು ಬಾಲ ಎಂದಿದ್ದಳು.

"ಗೊತ್ತೈತ್ರಿ," ಎಂದೆ. "ಆದ್ರ ನಮ್ಮ ಆಯಿ ಮೂರು ಹಾಕಿದ್ಲು. ಆಕಿ ಹಾಕಿದ್ದನ್ನ ಕಿತ್ತ ಹಾಕಾಕ ನನಗ ಮನಸಾಗಲಿಲ್ರಿ."

ಅವನ ತಾಯಿ ನನ್ನ ಆಯಿಯ ತವರು ಯಾವುದು ಎಂದು ಕೇಳಿದರು. ಮುರಗೋಡ ಎಂದೆ, ಇಲಿ ಕಡಿದು ಉಳಿದ ಅವಳ ತೋರಣದ ತುಂಡು ನೋಡಿ ಇದನ್ನು ಹೆಣೆದೆ ಎಂದೂ ಹೇಳಿದೆ. ಅವರು ನಗಲು ಶುರು ಮಾಡಿದರು. ಮೈ ಕುಲುಕಿ, ಚಷ್ಮಾ ಜಾರಿ ಮಡಿಲಿಗೆ ಬಿದ್ದು, ಕಾಕಾ ನೀರು ಕೊಡುವ ಮಟ್ಟಿಗೆ ನಕ್ಕರು. ಅವರ ತವರೂ ಮುರಗೋಡ. ಮಠದ ಹಿಂದಿನ ಓಣಿಗಳಲ್ಲಿ ಪ್ರತಿ ಬಾಗಿಲಿಗೂ ಅದೇ ತೋರಣ ಇರುತ್ತಿತ್ತಂತೆ, ಮದುವೆಗೆ ಮೊದಲು ಅವರೂ ಒಂದು ಮಾಡಿದ್ದರಂತೆ. ಗಾಜಿನ ಕಟ್ಟಿನಲ್ಲಿ ಒಂಟಿಯಾಗಿ ಕಂಡದ್ದಕ್ಕೆ ಈವರೆಗೆ ಗುರುತು ಹತ್ತಿರಲಿಲ್ಲವಂತೆ.

"ಹುಚ್ಚೀ, ಅದು ಗಂಡ ನವಲಿನ ಕಾಲ ಅಲ್ಲ," ಎಂದರು ಕಣ್ಣೊರೆಸಿಕೊಳ್ಳುತ್ತ. "ಅದರ ಬೆನ್ನಿಗೆ ಒಂದು ಹೆಣ್ಣ ನವಲ ನಿಂತಿರತೈತಿ. ಆಕಿದೊಂದು ಕಾಲ ಈಕಡೆ ಬರತೈತಿ. ಇಲಿ ಹೆಣ್ಣನ್ನ ತಿಂದು ಕಾಲ ಅಷ್ಟ ಬಿಟ್ಟೈತಿ. ನೀ ಅದನ್ನೂ ಗಂಡಿಗೇ ಹಚ್ಚಿ ಕೊಟ್ಟೀಯಲ್ಲವಾ."

ಎಲ್ಲರೂ ನಕ್ಕರು, ಅಪ್ಪ ಎಲ್ಲರಿಗಿಂತ ಜೋರಾಗಿ. ನಾನೂ ನಗಲು ಹೋದೆ, ಬಂದದ್ದು ಅಳು. ಇಷ್ಟು ವರ್ಷ ಗಾಜಿನ ಮೇಲಿನ ಧೂಳು ಒರೆಸುವಾಗೆಲ್ಲ ಆ ಕಾಲನ್ನು ನೋಡಿದ್ದೇನೆ. ಆಯಿ ಕೂತು ಪೋಣಿಸಿದ ಇನ್ನೊಂದು ನವಿಲು ಪೂರಾ ಅಲ್ಲೇ ಇತ್ತು, ನನಗೆ ಹೊಳೆಯಲೇ ಇಲ್ಲ. ಪಾಪ, ಆ ಹೆಣ್ಣು ಅಷ್ಟು ಮದುವೆ ಕುದುರಿಸಿತು, ಅದು ಇದೆ ಎಂದೇ ಯಾರಿಗೂ ಗೊತ್ತಿರಲಿಲ್ಲ. ಹೆಣ್ಣನ್ನು ಕಾಣಿಸದೆ ಸೂಚಿಸುವುದೇ ನಮ್ಮ ಕಲೆಯ ಮರ್ಮ ಎಂದು ಅಪ್ಪ ಆಗಲೇ ಹೊಸ ಸಿದ್ಧಾಂತ ಶುರು ಮಾಡಿದ್ದ. ಸುಮ್ಮ ಕುಂದರ್ರಿ ಎಂದು ಅವ್ವ ಬೀಗರ ಮುಂದೆಯೇ ಅಂದಳು. ರಾಮದುರ್ಗದವರಿಗೆ ಯರಗಟ್ಟಿಯ ಬಸ್ಸು ತಪ್ಪಿತು, ಊಟಕ್ಕೆ ಉಳಿದರು. ಮಾತು ಅಂದೇ ಗಟ್ಟಿಯಾಯಿತು.

ಮದುವೆ ಮುಗಿದು ನಾನು ಹೊರಡುವ ದಿನ ಓಣಿಯ ತಾಯಂದಿರೆಲ್ಲ ಬಾಗಿಲಲ್ಲಿ ನಿಂತು ಗೊಳೋ ಎಂದು ಅತ್ತರು. ನನ್ನ ಮೇಲೆ ಇಷ್ಟು ಮಾಯೆ ಇತ್ತೇ ಎಂದು ನಾನೂ ಕಣ್ಣೊರೆಸಿಕೊಂಡೆ. ಎದುರುಮನೆಯವಳು ನನ್ನ ಗಲ್ಲ ಹಿಡಿದು, ನವಿಲನ್ನಾದರೂ ಬಿಟ್ಟು ಹೋಗು ಎಂದು ಬಿಕ್ಕಿದಳು. ಬಿಟ್ಟೇ ಬಂದೆ. ಆ ದಿನ ಸಿಟ್ಟಿನಲ್ಲಿ ಪೋಣಿಸಿದ ಮೂರು ಕಾಲುಗಳನ್ನು ಮಾತ್ರ ಕುಂಕುಮದ ಡಬ್ಬಿಯಲ್ಲಿ ಇಟ್ಟುಕೊಂಡು ರಾಮದುರ್ಗಕ್ಕೆ ಬಂದೆ. ಅತ್ತೆ ಪಕ್ಕದಲ್ಲಿ ಕೂತು ಎಣಿಕೆ ಹೇಳಿದರು, ಗಂಡ ಹಾಳೆಯ ಮೇಲೆ ಚೌಕಳಿ ಎಳೆದುಕೊಟ್ಟ, ಅದೇ ಕಾಲುಗಳ ಮೇಲೆ ಎರಡೂ ನವಿಲುಗಳನ್ನು ಎಬ್ಬಿಸಿದೆ. ಎರಡು ಕಾಲು ಅವನದು, ಒಂದು ಅವಳದು. ನಮ್ಮ ಪಡಸಾಲೆಯಲ್ಲಿ ಅದು ಈಗಲೂ ಇದೆ, ಮೊದಲನೆಯ ಕಾಲಿನ ಮಣಿ ಸ್ವಲ್ಪ ಸೊಟ್ಟಗಿವೆ.

ಅಷ್ಟರಲ್ಲಿ ನಮ್ಮ ಮದುವೆಯ ಕಥೆ ಬೈಲಹೊಂಗಲದಿಂದ ಸವದತ್ತಿಯವರೆಗೆ ಬಸ್ಸಿನಲ್ಲಿ ತಿರುಗಿತ್ತು. ಬೀಗರು ಬಂದ ಕೂಡಲೇ ಹುಡುಗಿಯನ್ನು ಬಿಟ್ಟು ನವಿಲಿನ ಕಾಲು ಎಣಿಸತೊಡಗಿದರು, ಎಣಿಸಿ ಮೂರಾದರೆ ನಗುತ್ತ ಎದ್ದರು. ಓಣಿಯಲ್ಲಿ ಆ ಮೊಳೆಗಳಿಗೆ ಕ್ಯಾಲೆಂಡರು ತೂಗಹಾಕಿದರಂತೆ. ಮೂರನೆಯ ಮಗಳು ಮದುವೆಯ ವಯಸ್ಸಿಗೆ ಬಂದಾಗ ಎದುರುಮನೆಯವಳು ಎರಡು ಬಸ್ಸು ಬದಲಿಸಿ ರಾಮದುರ್ಗಕ್ಕೇ ಬಂದಳು. ಕೈಯಲ್ಲಿ ಕರದಂಟಿನ ಪುಡಿಕೆ, ಕಂಕುಳಲ್ಲಿ ಮಡಚಿದ ಧೋತರ. ಒಂದೇ ದಿನಕ್ಕೆ, ಸಂಜೆಯ ಬಸ್ಸಿಗೆ ವಾಪಸು ಕಳಿಸುತ್ತೇನೆ ಎಂದು ಜೋಡಿ ನವಿಲಿನ ಕಡೆ ನೋಡಿದಳು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದು ಹೋಗಿ ಕಟ್ಟನ್ನು ಮೊಳೆಯಿಂದ ಇಳಿಸಿದರು. ಕೊಟ್ಟೇಬಿಡುತ್ತಾರೆಂದು ನಾನೂ ಎದ್ದೆ. ಅವರು ಅದನ್ನು ಸೆರಗಿನಿಂದ ಒರೆಸಿ ಎದುರುಮನೆಯವಳ ಮುಂದಿಟ್ಟರು.

"ಒಯ್ರಿ, ಬ್ಯಾಡನ್ನೂದಿಲ್ಲ. ಆದ್ರ ಬೀಗರು ಯಾರ ಮಾಡಿದ್ದಂತ ಕೇಳಿದ್ರ ನಮ್ಮ ಸೊಸಿ ಹೆಸರ ಹೇಳಬೇಕು."

ಎದುರುಮನೆಯವಳು ನವಿಲನ್ನು ನೋಡಿದಳು, ನನ್ನನ್ನು ನೋಡಿದಳು, ಚಹಾ ಪೂರಾ ಕುಡಿದಳು. ಮಗಳಿಗೆ ಒಂದು ಮಾತು ಕೇಳಿ ಬರುತ್ತೇನೆ ಎಂದು ಧೋತರವನ್ನು ಮತ್ತೆ ಕಂಕುಳಲ್ಲಿ ಇಟ್ಟುಕೊಂಡು ಹೋದಳು. ಅತ್ತೆ ಕಟ್ಟನ್ನು ಮೊಳೆಗೆ ಹಾಕಿ, ಸೊಟ್ಟಾಯಿತೇನು ನೋಡು ಎಂದು ನನ್ನನ್ನು ಕರೆದರು.